ನಾಕು ಗೆರಿ

ಹುಬ್ಬಳ್ಳಿ ವರ್ಕ್‌ಶಾಪಿನ ಹಿಂದಿನ ಹಳಿಯಲ್ಲಿ
ಮುದಿ ವ್ಯಾಗನ್ನುಗಳು ಸಾಲಾಗಿ ನಿಲ್ಲುತ್ತಿದ್ದವು.
ಅಪ್ಪ, ದಾವಲಸಾಬ ನದಾಫ, ಟಿಕೆಟ್ ನಂಬರ್ ಏಳುನೂರಾ ಹನ್ನೆರಡು,
ಸುತ್ತಿಗೆಯಿಂದ ಗಾಲಿ ಬಡಿದು, ಕಿವಿ ಹಚ್ಚಿ ಕೇಳಿ,
ಸತ್ತ ಸದ್ದು ಬಂದರೆ
ತುಕ್ಕಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ.
ಒಂದು, ಎರಡು, ಮೂರು, ನಾಕು.

ಬುತ್ತಿ ಒಯ್ದ ದಿನ ಕೇಳಿದ್ದೆ, ಒಂದು ಸಾಲದೇನಪ್ಪಾ?
"ಒಂದ ಗೆರಿ ಮಳಿಗೂ ಅಳಸ್ತೈತಿ,
ಯಾರದರೆ ಅಂಗಿ ಒರಸಿದ್ರೂ ಅಳಸ್ತೈತಿ.
ನಾಕು ಇದ್ರ, ಕೊಯ್ಯಾಂವ ಅನುಮಾನ ಪಡೂದಿಲ್ಲ."
ಉಳಿದ ತುಣುಕನ್ನು ಕಿಸೆಗೆ ಹಾಕಿಕೊಂಡ.
ಆ ಬಿಳಿ ಕಿಸೆಗಾಗಿ ಅವ್ವ ದಿನಾ ಬೈಯುತ್ತಿದ್ದಳು.

ಈಗ ನಾನು ಧಾರವಾಡದ ಗುಡ್ಡದ ಮೇಲೆ,
ಪರದೆ ಎಳೆದ ಕೋಣೆಯಲ್ಲಿ, ಮಸೂರಕ್ಕೆ ಕಣ್ಣು ಒತ್ತಿ
ಒಂದು ಕೋಶ ಎರಡಾಗುವುದನ್ನು ಕಾಯುತ್ತೇನೆ.
ಅಲ್ಲೂ ಸುಣ್ಣವಿದೆ. ಯುಬಿಕ್ವಿಟಿನ್ ಅಂತ ಹೆಸರು.
ಒಬ್ಬಳು ಅದನ್ನು ಎಬ್ಬಿಸುತ್ತಾಳೆ,
ಒಬ್ಬಳು ಉಡಿಯಲ್ಲಿ ಹೊತ್ತು ತರುತ್ತಾಳೆ,
ಮುಖ ಗುರುತಿಸಿ ಹಚ್ಚುವುದು ಮೂರನೆಯವಳು.
ಅವಳಿಗೂ ಒಂದು ಸಾಲದು; ಗೆರೆಯ ಬೆನ್ನಿಗೆ ಗೆರೆ.

ಆದರೆ ಈಗಲ್ಲ. ಈಗ ಅವಳ ಕೈ ಹಿಡಿದಿದ್ದಾರೆ.
ನಲವತ್ತೈದು ಜೋಡಿಗಳು ನಡುಗೆರೆಗೆ ಬಂದು ನಿಂತಿವೆ,
ಎರಡೂ ಕಡೆ ದಾರ ಕಟ್ಟಿಸಿಕೊಂಡು.
ಒಂದು ಮಾತ್ರ ಅಂಚಿನಲ್ಲಿ ಓಲಾಡುತ್ತಿದೆ, ದಾರ ಸಿಗದೆ.
ಆ ಒಂದರ ಸಲುವಾಗಿ ಎಲ್ಲ ನಿಂತಿದೆ,
ಕಡೆಯ ಡಬ್ಬಿಯ ಕೊಂಡಿ ಬೀಳುವ ತನಕ
ಹಸಿರು ಬಾವುಟ ಬಿಚ್ಚದ ಗಾರ್ಡನಂತೆ.
ನನ್ನ ಚಹಾ ಆರಿತು. ಮೇಲೆ ಕೆನೆ ಕಟ್ಟಿತು.

ಕಟ್ಟಿತು ದಾರ!
ಬಿಟ್ಟರು ಅವಳ ಕೈ.
ಕತ್ತರಿಯ ಬಾಯಿ ಒತ್ತಿ ಹಿಡಿದಿದ್ದವನ ಬೆನ್ನಿಗೆ ನಾಕು ಗೆರೆ.
ಅವನು ಹೋದ. ಕತ್ತರಿ ತೆರೆಯಿತು.
ಹುಟ್ಟಿದಾಗಿನಿಂದ ಅಪ್ಪಿಕೊಂಡಿದ್ದ ಅಕ್ಕತಂಗಿಯರು
ಹಿಂದೆ ನೋಡದೆ ಆಚೆಗೊಬ್ಬಳು, ಈಚೆಗೊಬ್ಬಳು.

ಇಷ್ಟಕ್ಕೆಲ್ಲ ಎಬ್ಬಿಸಿ ದುಡಿಸಿದ ಸೈಕ್ಲಿನ್‌ಗೂ
ಅದೇ ಗಳಿಗೆಯಲ್ಲಿ ಗುರುತು ಬೀಳುತ್ತದೆ.
ಅಪ್ಪನಿಗೆ ಒಂದು ಶಾಲು, ಗೋಡೆಗಡಿಯಾರ ಕೊಟ್ಟರು.
ಸೈಕ್ಲಿನ್‌ಗೆ ಅದೂ ಇಲ್ಲ.
ಕೊಯ್ಯುವ ಕೊಳವೆಯ ಬಾಯಲ್ಲಿ ಮೊದಲು ಗೆರೆ ಬಿಚ್ಚಿಕೊಳ್ಳುತ್ತಾರೆ,
ಸುಣ್ಣ ಮರಳಿ ಕಿಸೆಗೆ,
ಉಳಿದದ್ದು ಚೂರುಚೂರು.

ಹೋದ ದೀಪಾವಳಿಗೆ ಅಪ್ಪನ ಬೆನ್ನೆಲುಬು ಹಿಡಿಯಿತು.
ನವನಗರದ ಆಸ್ಪತ್ರೆಯಲ್ಲಿ ಹೆಸರು ಹೇಳಿದರು: ಮೈಲೋಮಾ.
ಮಜ್ಜೆಯಲ್ಲಿ ಒಂದು ಕೋಶ, ನಿಲ್ಲುವುದ ಮರೆತದ್ದು.
ವಾರಕ್ಕೊಂದು ಸೂಜಿ, ಹೊಟ್ಟೆಯ ಚರ್ಮದಡಿ.
ಏನು ಮಾಡ್ತೈತಿ ಇದು ಅಂದ.
ನನ್ನ ಕೆಲಸದ ಮಾತು ಅವನು ಕೇಳಿದ್ದು ಅದೇ ಮೊದಲು.
ಕೊಯ್ಯುವ ಕೊಳವೆಯ ಬಾಯಿ ಮುಚ್ಚುತ್ತದೆ ಅಪ್ಪಾ,
ಗುರುತು ಬಿದ್ದದ್ದೆಲ್ಲ ಯಾರ್ಡಿನಲ್ಲೇ ಉಳಿಯುತ್ತದೆ.
ಬಹಳ ಹೊತ್ತು ಸುಮ್ಮನಿದ್ದ.
"ಗುಜರಿ ಬಂದ್ ಮಾಡಿದ್ರ ಊರು ಬದಕ್ತೈತೇನ?"
ಹೆಚ್ಚು ಕಸ ಮಾಡುವವರು ಮೊದಲು ಉಸಿರು ಕಟ್ಟುತ್ತಾರೆ, ಅಂದೆ.
ಮೊದಲು ಅಂದಿಯಲ್ಲಾ, ಅಂದ.
ಉತ್ತರ ಕೊಡದೆ ಬಾಳೆಹಣ್ಣು ಸುಲಿದೆ.

ಈಗ ಬೆರಳ ತುದಿಗೆ ಜೋಮು, ಮದ್ದಿನದೇ ಕೊಡುಗೆ.
ಗುಂಡಿ ಹಾಕಲು ಬಾರದು, ಬಿಸಿ ತಟ್ಟೆ ತಿಳಿಯದು.
ಆದರೂ ಅಡುಗೆಮನೆಯ ಕದದ ಮೇಲೆ
ಸೂಜಿಗೊಂದರಂತೆ ತಾನೇ ಗೆರೆ ಎಳೆಯುತ್ತಾನೆ.
ಮೂರರ ನಂತರ ಕೈಯಿಂದ ಸುಣ್ಣ ಜಾರಿತು.
ನಾನು ಎತ್ತಿಕೊಂಡು, ಮೂರರ ಪಕ್ಕ ಇಡಹೋದೆ.

"ಏ! ಅಲ್ಲಿ ಬ್ಯಾಡ,
ಕೆಳಗ ಬ್ಯಾರೇ ಸಾಲು ಹಿಡಿ."

ಕದದ ತುಂಬ ಈಗ ಮೂರು ಮೂರು ಗೆರೆ.